ಅಣ್ಣನ ಕಾರಿನ ಕೀರಲು ದನಿ

ಬೆಳಗಿನ ಕಾಫಿ ಮುಗಿಸಿ ಜಗುಲಿಯ ಮೇಲೆ ಪತ್ರಿಕೆ ಬಿಡಿಸಿಕೊಂಡು ಕುಳಿತರೆ ನನಗೆ ಗಡಿಯಾರದ ಹಂಗು ಇರುವುದಿಲ್ಲ. ಚಾಮರಾಜಪುರಂನ ನಮ್ಮ ಬೀದಿ ತನ್ನ ಸದ್ದುಗಳಿಂದಲೇ ಹೊತ್ತು ತಿಳಿಸುತ್ತದೆ. ಮೊದಲು ಎದುರು ಮನೆಯ ಅಂಗಳಕ್ಕೆ ನೀರು ಎರಚುವ ಸದ್ದು, ಆಮೇಲೆ ಸೊಪ್ಪಿನ ಕೆಂಪಮ್ಮನ ‘ದಂಟೂ, ಕೀರೇ, ಸಬ್ಬಸ್ಗೇ’, ಅದರ ಬೆನ್ನಿಗೇ ಕಸದ ಗಾಡಿಯ ಹಾಡು, ಅದು ಮೂಲೆ ತಿರುಗುವಷ್ಟರಲ್ಲಿ ಸ್ಟೇಷನ್ನಿನ ಕಡೆಯಿಂದ ರೈಲಿನ ಕೂಗು. ಈ ನಿತ್ಯದ ಮೇಳಕ್ಕೆ ಕಳೆದ ಮಳೆಗಾಲದ ಕೊನೆಯಲ್ಲಿ ಹೊಸ ವಿದ್ವಾಂಸರೊಬ್ಬರು ಸೇರಿಕೊಂಡರು. ಸ್ಲೇಟಿನ ಮೇಲೆ ಬಳಪವನ್ನು ಅಡ್ಡಡ್ಡಲಾಗಿ ಗೀರಿದಂಥ, ಕೇಳಿದವರ ಹಲ್ಲು ಜುಮ್ಮೆನ್ನಿಸುವ ಒಂದು ಕೀರಲು ದನಿ. ಅದು ಬೀದಿಯ ಆ ತುದಿಯಲ್ಲಿ ಹುಟ್ಟಿ, ನಮ್ಮ ಗೇಟಿನ ಮುಂದೆ ಹಾದು, ತಿರುವಿನಲ್ಲಿ ಇನ್ನೊಂದು ಸ್ಥಾಯಿ ಮೇಲೇರಿ, ದೊಡ್ಡ ರಸ್ತೆಯ ಗದ್ದಲದಲ್ಲಿ ಕರಗಿಹೋಗುತ್ತಿತ್ತು. ದನಿ ಒಂದು ಕಾರಿನದು, ಕಾರು ನನ್ನ ಅಣ್ಣನದು.

ಕಾರುಗಳ ವಿಷಯದಲ್ಲಿ ನನ್ನ ಪಾಂಡಿತ್ಯ ಎಡಗಡೆಯ ಸೀಟಿಗೆ ಸೀಮಿತವಾದದ್ದು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ನಾನು ಇಂದಿಗೂ ಸ್ಕೂಟರಿನ ಮಟ್ಟದಲ್ಲೇ ಉಳಿದಿದ್ದೇನೆ. ಅಣ್ಣನ ಪಕ್ಕದಲ್ಲಿ ಕುಳಿತು, ಬೆಲ್ಟು ಬಿಗಿದುಕೊಂಡು, ಆತ ಬ್ರೇಕು ಹಾಕಬೇಕಾದ ಕಡೆಯಲ್ಲೆಲ್ಲ ಖಾಲಿ ನೆಲವನ್ನು ಕಾಲಿನಿಂದ ಒತ್ತುವುದಷ್ಟೇ ನನ್ನ ಸಾರಥ್ಯ. ಆದ್ದರಿಂದ ಮೊದಮೊದಲು ಆ ಸದ್ದಿನ ಬಗ್ಗೆ ನಾನು ತಲೆಕೆಡಿಸಿಕೊಳ್ಳಲಿಲ್ಲ. ಅಣ್ಣನಿಗೆ ಗೊತ್ತಿಲ್ಲದ್ದು ನನಗೇನು ಗೊತ್ತು? ಭಾನುವಾರ ಬಂದರೆ ತಾನೇ ಬಿಚ್ಚಿ ಸರಿಮಾಡಿಕೊಳ್ಳುತ್ತಾನೆ ಅಂದುಕೊಂಡೆ.

ಹಾಗೆ ಅಂದುಕೊಳ್ಳಲು ಕಾರಣವಿತ್ತು. ನಮ್ಮ ಬಳಗದಲ್ಲಿ ಅಣ್ಣ ಪ್ರಸಿದ್ಧನಾದದ್ದೇ ಅವನ ಕಿವಿಯಿಂದ. ಹುಡುಗರಾಗಿದ್ದಾಗ ಇದೇ ಬೀದಿಯಲ್ಲಿ, ಇದೇ ಜಗುಲಿಯಲ್ಲಿ ನಾವಿಬ್ಬರೂ ಪುಸ್ತಕ ಹಿಡಿದು ಕೂತಿರುತ್ತಿದ್ದೆವು. ರೈಲು ಕೂಗಿದ ಕೂಡಲೇ ಅವನು ತಲೆಯೆತ್ತದೆ, ‘ನಂಜನಗೂಡಿಂದ ಬರ್ತಿರೋದು, ಇವತ್ತು ಡಬ್ಬಿ ಜಾಸ್ತಿ’ ಎನ್ನುತ್ತಿದ್ದ. ನಾನು ಓಡಿಹೋಗಿ ನೋಡಿ ಬಂದು ಒಪ್ಪಿಕೊಳ್ಳುತ್ತಿದ್ದೆ. ಮುಂದೆ ಅವನು ಇಂಜಿನಿಯರಾಗಿ ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಯಂತ್ರಗಳನ್ನು ಪರೀಕ್ಷಿಸುವ ವಿಭಾಗಕ್ಕೆ ಸೇರಿದ. ಅಲ್ಲಿ ಎಲ್ಲರಿಗೂ ಕಿವಿಗೆ ಮುಚ್ಚಳ ಕೊಡುತ್ತಿದ್ದರಂತೆ. ಇವನು ಅದನ್ನು ಕೊರಳಿಗೆ ಹಾರದಂತೆ ನೇತುಹಾಕಿಕೊಂಡು ಓಡಾಡುತ್ತಿದ್ದ. ‘ಕಿವಿ ಮುಚ್ಕೊಂಡ್ರೆ ಮೆಷಿನ್ನು ಏನು ಹೇಳ್ತಿದೆ ಅಂತ ಗೊತ್ತಾಗೋದು ಹೆಂಗೋ?’ ಎಂಬುದು ಅವನ ವಾದ. ಕೆಲಸದ ಆಯಸ್ಸೆಲ್ಲ ಆ ಆರ್ಭಟದ ನಡುವೆ ನಿಂತು, ಅದರೊಳಗೆ ಅಡಗಿದ ಒಂದು ಬೇರಿಂಗಿನ ನರಳಿಕೆಯನ್ನು ಆರಿಸಿ ತೆಗೆದ ಮನುಷ್ಯ ಅವನು. ಮನೆಗೆ ಬಂದ ನೆಂಟರ ಸ್ಕೂಟರು ಗೇಟಿನ ಹತ್ತಿರ ನಿಲ್ಲುವ ಮೊದಲೇ, ‘ಚೈನು ಸಡಿಲ ಆಗಿದೆ ಕಣಯ್ಯಾ’ ಎಂದು ಒಳಗಿನಿಂದ ಸ್ವಾಗತಿಸುತ್ತಿದ್ದ.

ಅಂಥ ಅಣ್ಣ ಆ ಕಿರುಚುವ ಕಾರಿನಲ್ಲಿ ಪ್ರಸನ್ನವದನನಾಗಿ ಕುಳಿತು, ಬೀದಿಯವರಿಗೆಲ್ಲ ಕೈಬೀಸುತ್ತ, ಹಾಲು ತರಲು ಹೋಗುತ್ತಿದ್ದ. ಒಂದು ಭಾನುವಾರ ಕಳೆಯಿತು, ಇನ್ನೊಂದೂ ಕಳೆಯಿತು. ಸದ್ದು ದಿನೇ ದಿನೇ ಬೆಳೆಯಿತು. ಅವನ ಪ್ರಸನ್ನತೆ ಕಡಿಮೆಯಾಗಲಿಲ್ಲ. ಆಗ ನಾನು ಪತ್ರಿಕೆ ಬದಿಗಿಟ್ಟು ಅವನನ್ನೇ ಗಮನಿಸತೊಡಗಿದೆ.

ಇಲ್ಲಿ, ಓದುಗ ಮಿತ್ರರೇ, ಮೈಸೂರಿನವರ ದಾಕ್ಷಿಣ್ಯವೆಂಬ ಮಹಾಗುಣದ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗದು. ನಾವು ಉಪ್ಪು ಹೆಚ್ಚಾದ ಹುಳಿಯನ್ನು ಬಡಿಸಿದವರ ಮುಖ ನೋಡಿಕೊಂಡು ಎರಡನೇ ಸಲವೂ ಹಾಕಿಸಿಕೊಳ್ಳುವ ಜನ. ಸಭೆಯಲ್ಲಿ ಅಧ್ಯಕ್ಷರ ಶಲ್ಯ ಫ್ಯಾನಿಗೆ ಸಿಕ್ಕಿಕೊಳ್ಳುವ ಹಾಗಿದ್ದರೂ, ಅವರ ಭಾಷಣಕ್ಕೆ ಅಡ್ಡಿ ಮಾಡುವುದು ಸರಿಯೇ ಎಂದು ಪಕ್ಕದವರನ್ನು ಕೇಳಿ, ಪಕ್ಕದವರು ಅವರ ಪಕ್ಕದವರನ್ನು ಕೇಳುವ ಜನ. ಅಣ್ಣನ ಕಾರಿನ ವಿಷಯದಲ್ಲೂ ಬೀದಿಗೆ ಬೀದಿಯೇ ಇಂಥ ಸದ್ಗುಣಕ್ಕೆ ಬಲಿಯಾಗಿತ್ತು. ಕಾರು ಬರುವುದು ಕಂಡರೆ ಎದುರು ಮನೆಯ ನಿವೃತ್ತ ಮೇಷ್ಟರು ತಲೆ ಕೆರೆದುಕೊಳ್ಳುವ ನೆಪದಲ್ಲಿ ಕಿವಿ ಮುಚ್ಚಿಕೊಳ್ಳುತ್ತಿದ್ದರು. ‘ರಾಯರಿಗೆ ಹೇಳ್ಬೇಕಿತ್ತು ಕಣ್ರೀ, ಆದ್ರೆ ಅಂಥಾ ತಿಳಿದವರಿಗೆ ನಾವು ಹೇಗೆ ಹೇಳೋದು? ತಮ್ಮ ನೀವಿದ್ದೀರಲ್ಲ’ ಎಂದು ನನ್ನ ಕಡೆ ತಿರುಗುತ್ತಿದ್ದರು. ನಾನು ಅತ್ತಿಗೆಯ ಕಡೆ ನೋಡುತ್ತಿದ್ದೆ. ನೇರವಾಗಿ ಬಾಯಿಬಿಟ್ಟವಳೆಂದರೆ ಕೆಂಪಮ್ಮ ಒಬ್ಬಳೇ, ಅವಳೂ ಬಿಟ್ಟದ್ದು ನನ್ನ ಮುಂದೆ. ‘ಅಯ್ಯಾವ್ರ ಕಾರು ಎಂಗ್ ಅರಚ್ಕತದೆ ನೋಡಿ. ಅಂಗೇ ಬುಟ್ರೆ ಒಂದಿನ ಚಕ್ರ ಕಳಚ್ಕಂಡು ಓಯ್ತದೆ ಅಷ್ಟೆಯಾ.’ ನೀನೇ ಹೇಳಬಾರದೇನಮ್ಮ ಎಂದರೆ, ‘ಅಯ್ಯೋ, ನಾನ್ಯಾಕೆ ಏಳ್ಲಿ, ಬ್ಯಾಸರ ಮಾಡ್ಕಂಬುಟ್ಟಾರು’ ಎಂದು ಕಟ್ಟು ಮೆಂತ್ಯವನ್ನು ನನ್ನ ಕೈಗೆ ಹಾಕಿ ಹೊರಟಳು.

ಯಾಕೆ ಬೇಸರ? ಕಾರು ಸದ್ದು ಮಾಡುತ್ತಿದೆ ಎಂದರೆ ಯಾರು ಬೇಸರಪಡುತ್ತಾರೆ? ಆದರೆ ಎಲ್ಲರಿಗೂ ಒಳಗೊಳಗೇ ಗೊತ್ತಿತ್ತು. ಕಾರಿನಲ್ಲಿ ಸದ್ದಿದೆ ಎಂದು ಹೇಳಿದರೆ, ಅದು ನಿನಗೆ ಕೇಳಿಸುತ್ತಿಲ್ಲ ಎಂದೂ ಹೇಳಿದಂತೆ. ಮೊದಲನೆಯದನ್ನು ಹೇಳಬಹುದು, ಎರಡನೆಯದನ್ನು ಹೇಳಲು ಯಾರಿಗೂ ನಾಲಿಗೆ ಬರುತ್ತಿರಲಿಲ್ಲ.

ಒಂದು ಗುರುವಾರ ಸಂಜೆ ಅತ್ತಿಗೆ ಕೋಸಂಬರಿಯ ಡಬ್ಬಿ ಹಿಡಿದು ನಮ್ಮ ಮನೆಗೆ ಬಂದರು. ನಾನು ಸ್ಕೂಲಿಗೆ ಹೋಗುವಾಗ ಮದುವೆಯಾಗಿ ಈ ಬೀದಿಗೆ ಬಂದವರು. ನನ್ನನ್ನು ಇಂದಿಗೂ ಚಡ್ಡಿ ಹಾಕಿದ ಮೈದುನನನ್ನು ಕರೆದಂತೆಯೇ ಕರೆಯುತ್ತಾರೆ. ಡಬ್ಬಿ ಕೊಟ್ಟರು, ಹೋಗಲಿಲ್ಲ. ಸೆರಗಿನ ತುದಿಯನ್ನು ಮಡಿಸುತ್ತ ನಿಂತರು.

‘ಸೀನೂ, ನಿಮ್ಮಣ್ಣಂಗೆ ಕುಕ್ಕರ್ ಕೂಗಿದ್ದು ಕೇಳ್ಸಲ್ಲ ಕಣೋ. ಬಾಗಿಲ ಬೆಲ್ಲೂ ಕೇಳ್ಸಲ್ಲ. ಕೇಳಿದ್ರೆ, ಬೇರೆ ಏನೋ ಯೋಚ್ನೇಲಿದ್ದೆ ಅಂತಾರೆ. ನಾನು ಒಂದು ಕೇಳಿದ್ರೆ ಅವರು ಒಂದು ಹೇಳಿ ನಕ್ಕುಬಿಡ್ತಾರೆ.’

ನಾನು ಕುರ್ಚಿ ಎಳೆದು ಕೊಟ್ಟೆ. ಅತ್ತಿಗೆ ಕೂರದೆ ಹಾಡಿನ ಮಾತು ತೆಗೆದರು. ಅಡುಗೆಮನೆಯಲ್ಲಿ ಅವರು ಸಣ್ಣಗೆ ಹಾಡಿಕೊಳ್ಳುವುದು, ಹಜಾರದಲ್ಲಿ ಕೂತ ಅಣ್ಣ ‘ಶ್ರುತಿ ಇಳೀತು’ ಎಂದು ಕೂಗುವುದು, ಅದಕ್ಕೆ ಅವರು ರೇಗುವುದು, ಇದು ಆ ಮನೆಯ ಮಾಮೂಲು. ನಾನೇ ಎಷ್ಟೋ ಸಲ ಕೇಳಿದ್ದೇನೆ. ‘ಮೊನ್ನೆ ಬೇಕು ಅಂತ್ಲೇ ತಪ್ಪು ಹಾಡ್ದೆ ಸೀನು. ಕೆಟ್ಟದಾಗಿ ಹಾಡ್ದೆ. ಏನೂ ಅನ್ಲಿಲ್ಲ. ಇನ್ನೂ ಜೋರಾಗಿ ತಪ್ಪು ಹಾಡ್ದೆ. ಪೇಪರ್ ಓದ್ತಾನೇ ಇದ್ರು. ಆಮೇಲೆ ನಾನು ಹಾಡೋದೇ ಬಿಟ್ಬಿಟ್ಟೆ.’

ಸೋಮವಾರ ಗಂಡ ಹೆಂಡತಿ ಇಬ್ಬರೂ ಬೆಟ್ಟಕ್ಕೆ ಹೋಗುವುದೆಂದು ತೀರ್ಮಾನವಾಗಿತ್ತಂತೆ. ಹತ್ತುವುದೇನೋ ಹತ್ತಬಹುದು, ಈ ಕಾರಿನಲ್ಲಿ ಆ ತಿರುವುಗಳನ್ನು ಇಳಿಯುವುದು ಹೇಗೆ? ಮೂಗಿಗೆ ಸುಟ್ಟ ವಾಸನೆಯೂ ಬರುತ್ತಿದೆ ಎಂದರು. ‘ನಾನು ಹೇಳಿದ್ರೆ ಕುಗ್ಗಿಹೋಗ್ತಾರೆ. ನೀನೇ ಹೇಳು, ನಿನ್ನ ದಮ್ಮಯ್ಯ’ ಎಂದು ಹೇಳಿ, ಖಾಲಿ ಮಾಡಿಕೊಡಬೇಕಾದ ಡಬ್ಬಿಯನ್ನೂ ಮರೆತು ಹೊರಟುಹೋದರು.

ಶುಕ್ರವಾರವಿಡೀ ನಾನು ಪೀಠಿಕೆ ಸಿದ್ಧಪಡಿಸಿದೆ. ವಯೋಧರ್ಮ, ಇಂದ್ರಿಯಗಳ ಅನಿತ್ಯತೆ, ಆಧುನಿಕ ವೈದ್ಯದ ಪ್ರಗತಿ, ಹೀಗೆ ಒಂದು ಗಂಟೆಯ ಉಪನ್ಯಾಸಕ್ಕೆ ಬೇಕಾದಷ್ಟು ಸಾಮಗ್ರಿ ಕೂಡಿಬಿತ್ತು. ಶನಿವಾರ ಬೆಳಿಗ್ಗೆ ಅಣ್ಣನ ಮನೆಗೆ ಹೋದಾಗ ಅವನು ಗೇಟಿನ ಒಳಗೆ ಕಾರಿನ ಗಾಜು ಒರೆಸುತ್ತಿದ್ದ. ನನ್ನನ್ನು ಕಂಡು ಅವನ ಮುಖ ಅರಳಿತು. ನನ್ನ ಉಪನ್ಯಾಸ ಮಾಯವಾಯಿತು. ಅವನ ಹತ್ತಿರ ಹೋಗಿ, ಅಗತ್ಯಕ್ಕಿಂತ ಜೋರಾಗಿ, ‘ಅಣ್ಣ, ನಿನ್ನ ಕಾರಲ್ಲಿ ಏನೋ ಶಬ್ದ ಬರ್ತಿದೆ’ ಎಂದುಬಿಟ್ಟೆ.

‘ಶಬ್ದವಾ? ಯಾವತ್ತಿಂದ?’

ಇವತ್ತಿಂದ ಎನ್ನಬೇಕೆಂದು ಬಾಯಿತೆರೆದೆ. ‘ಬಹಳ ದಿನ ಆಯ್ತು’ ಎಂದೆ.

ಅವನ ಕೈಯಲ್ಲಿದ್ದ ಬಟ್ಟೆ ನಿಂತಿತು. ‘ಬೀದೀಲಿ ಎಲ್ಲರಿಗೂ ಕೇಳ್ಸತ್ತಾ?’ ತಲೆಯಾಡಿಸಿದೆ. ‘ಮೇಷ್ಟರಿಗೂ?’ ಆಡಿಸಿದೆ. ‘ಕೆಂಪಮ್ಮಂಗೂ?’ ಅದಕ್ಕೂ ಆಡಿಸಿದೆ. ಅಣ್ಣ ಆ ಬಟ್ಟೆಯನ್ನು ನಿಧಾನವಾಗಿ ನಾಲ್ಕು ಮಡಿಕೆ ಮಾಡಿ ಬಾನೆಟ್ಟಿನ ಮೇಲಿಟ್ಟ. ಆಮೇಲೆ ಷರಟಿನ ತೋಳು ಮೇಲೆ ಸರಿಸಿ, ಕಾರ್ಖಾನೆಯ ದನಿಯಲ್ಲಿ, ‘ಹತ್ತು, ನೋಡೋಣ’ ಎಂದ.

ಸ್ಟೇಷನ್ನಿನ ತನಕ ಹೋಗಿ ಬಂದೆವು. ಅವನು ಬ್ರೇಕು ತುಳಿದಾಗಲೆಲ್ಲ ನನ್ನ ಕಡೆ ಹುಬ್ಬೆತ್ತುತ್ತಿದ್ದ. ತುಳಿದಾಗ ಸದ್ದು ನಿಲ್ಲುತ್ತಿತ್ತು, ಕಾಲು ತೆಗೆದರೆ ಮತ್ತೆ ಶುರುವಾಗುತ್ತಿತ್ತು. ನಾನದನ್ನು ವರದಿ ಮಾಡಿದೆ. ಮನೆಗೆ ಬಂದು ಇಳಿದು, ಚಕ್ರಗಳಲ್ಲಿ ಬಿಸಿ ಯಾವುದು ನೋಡು ಎಂದ. ನಾನು ಆಜ್ಞಾಪಾಲಕನಾಗಿ ನನ್ನ ಕಡೆಯ ಮುಂಚಕ್ರದ ನಡುವಿಗೆ ಬೆರಳಿಟ್ಟು ಕಿರುಚಿದೆ. ಮುಟ್ಟು ಅಂತ ಯಾರಂದ್ರೋ, ಕೈ ಹತ್ತಿರ ಹಿಡಿದ್ರೆ ಸಾಲದಾ ಎಂದು ಬೈದ. ನನ್ನ ಕಿರುಚಾಟ ಕೇಳಿ ಬಂದ ಅತ್ತಿಗೆ ದೋಸೆ ಕಾವಲಿಗೆ ಹಾಕುವ ಹಾಗೆ ನಾಲ್ಕು ಹನಿ ನೀರು ಚಿಮುಕಿಸಿದರು. ಅದು ಚುಂಯ್ ಎಂದು ಆವಿಯಾಯಿತು. ಉಳಿದ ಮೂರು ಚಕ್ರಗಳ ಮೇಲೆ ಹನಿಗಳು ಸುಮ್ಮನೆ ಜಾರಿದವು.

ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲಿಗೆ ತಂದು, ಆ ಮುಂಚಕ್ರವನ್ನು ಜ್ಯಾಕಿನಿಂದ ಎತ್ತಿದ. ಆರಲು ಬಿಟ್ಟು, ಕೈಯಿಂದ ತಿರುಗಿಸಿದರೆ ಸಲೀಸಾಗಿ ಸುತ್ತಬೇಕಾದದ್ದು ಅರ್ಧ ಸುತ್ತಿಗೇ ಕೀರಿ ನಿಂತಿತು. ಆಗ ಅಣ್ಣ ತನ್ನ ಹಳೆಯ ಉದ್ದನೆಯ ಸ್ಕ್ರೂಡ್ರೈವರನ್ನು ತಂದ. ಅದರ ತುದಿಯನ್ನು ಬ್ರೇಕಿನ ಕಬ್ಬಿಣಕ್ಕೆ ಆನಿಸಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡು, ನೆಲದ ಮೇಲೆ ಕೂತು ಕಣ್ಣು ಮುಚ್ಚಿದ. ಯಂತ್ರದ ಒಳಮಾತು ಕೇಳಲು ಅವನು ಬದುಕಿಡೀ ಮಾಡಿದ್ದು ಹೀಗೆಯೇ. ‘ತಿರುಗಿಸು’ ಎಂದ.

ತಿರುಗಿಸಿದೆ. ಅದು ಕೀರಿತು. ಕಾಂಪೌಂಡಿನ ಮೇಲಿದ್ದ ಬೆಕ್ಕು ಇಳಿದು ಓಡಿತು.

‘ತಿರುಗಿಸೋ ಅಂದ್ನಲ್ಲ’ ಎಂದ ಅಣ್ಣ, ಕಣ್ಣು ಮುಚ್ಚಿಕೊಂಡೇ.

ನಾನು ತಿರುಗಿಸುತ್ತಲೇ ಇದ್ದೆ. ಅತ್ತಿಗೆ ಬಾಗಿಲಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಣ್ಣ ಕಣ್ಣು ಬಿಟ್ಟ. ನನ್ನ ಕೈಯಲ್ಲಿ ಚಕ್ರ ಸುತ್ತುತ್ತಿರುವುದನ್ನು ನೋಡಿದ, ನನ್ನ ಮುಖ ನೋಡಿದ, ಸ್ಕ್ರೂಡ್ರೈವರಿನ ಹಿಡಿಯನ್ನು ನೋಡಿದ. ಅದನ್ನು ಮತ್ತೊಂದು ಕಿವಿಯ ಹಿಂದೆ ಇಟ್ಟುಕೊಂಡು, ಈ ಸಲ ಕಣ್ಣು ಮುಚ್ಚದೆ ಕೂತ. ನಾನು ಮತ್ತೆ ತಿರುಗಿಸಿದೆ. ಅವನು ಅದನ್ನು ಕೆಳಗಿಟ್ಟು, ಅಂಗೈಯನ್ನು ಟೈರಿನ ಮೇಲಿಟ್ಟ. ‘ನಡುಗ್ತಾ ಇದೆ. ಅಷ್ಟೇ ಗೊತ್ತಾಗೋದು’ ಎಂದ. ನನಗೆ ಅಳು ಬಂತು. ಅಪ್ಪ ಸತ್ತಾಗ ಗಟ್ಟಿಯಾಗಿ ನಿಂತಿದ್ದ ಅಣ್ಣ ಆ ಚಕ್ರದ ಮುಂದೆ ಅಷ್ಟು ಚಿಕ್ಕವನಾಗಿ ಕಂಡ.

‘ನೀನೇ ಹೇಳೋ ಸೀನು. ಎಂಥ ಶಬ್ದ?’

‘ತುಂಬಾ ಕರ್ಕಶವಾಗಿದೆ’ ಎಂದೆ.

‘ಕರ್ಕಶ ಅಂದ್ರೆ? ಪಾಠ ಮಾಡ್ಬೇಡ. ಕಿರ್ರ್ ಅನ್ನತ್ತೋ, ಗೊರ್ರ್ ಅನ್ನತ್ತೋ, ಸರ್ರ್ ಅನ್ನತ್ತೋ? ಒಂದೇ ಸಮ ಬರತ್ತೋ, ಸುತ್ತಿಗೊಂದ್ಸಲವೋ?’

ಅನುಕರಣ ಶಬ್ದಗಳ ಮೇಲೆ ನಾನು ತರಗತಿಯಲ್ಲಿ ಅದೆಷ್ಟು ವರ್ಷ ಗಂಟಲು ಹರಿದುಕೊಂಡೆನೋ ಲೆಕ್ಕವಿಲ್ಲ. ಧಗಧಗ, ಗುಳುಗುಳು, ಪಟಪಟ ಎಂದು ಕರಿಹಲಗೆ ತುಂಬಿಸಿದವನು ನಾನು. ಆ ಪಾಠ ಒಬ್ಬ ಮನುಷ್ಯನ ಉಪಯೋಗಕ್ಕೆ ಬಂದದ್ದು ಆವತ್ತೇ ಮೊದಲು. ಚಕ್ರದ ಪಕ್ಕ ಮಂಡಿಯೂರಿ ಕಿವಿಗೊಟ್ಟೆ. ನನಗೆ ಇಂದಿಗೂ ಆ ಮೂರು ಸದ್ದುಗಳ ಭೇದ ಅಷ್ಟು ಸಲೀಸಲ್ಲ. ಸರ್ರ್ ಎಂದರೆ ಸುಮ್ಮನೆ ಸವರುತ್ತಿದೆ, ಗೊರ್ರ್ ಎಂದರೆ ಕಬ್ಬಿಣಕ್ಕೆ ಕಬ್ಬಿಣ ಕೂತಿದೆ, ಕಿರ್ರ್ ಎಂದರೆ ಒತ್ತಿ ಹಿಡಿದಿದೆ, ಇನ್ನೇನು ಸವೆದು ಮುಗಿಯಲಿದೆ ಎಂದು ಅಣ್ಣ ವಿವರಿಸಿದ. ನಾನು ಮಾತಿನಲ್ಲಿ ಹೇಳಲಾಗದೆ, ಅರವತ್ತು ದಾಟಿದ ವಯಸ್ಸಿನಲ್ಲಿ, ಬೀದಿಗೆ ಕಾಣುವಂತೆ ಕೂತು ‘ಕಿರ್ರ್ರ್ ಈಂ’ ಎಂದು ಬಾಯಲ್ಲೇ ಮಾಡಿ ತೋರಿಸಿದೆ. ಬೀದಿಯಲ್ಲಿ ಹೋಗುತ್ತಿದ್ದ ನಮ್ಮ ಎದುರು ಮನೆಯ ಮೇಷ್ಟರು ಅಣ್ಣನ ಗೇಟಿಗೆ ಬಂದು ನಿಂತರು. ಅಣ್ಣನ ಕಣ್ಣು ನನ್ನ ತುಟಿಯ ಮೇಲೆಯೇ ಇತ್ತು. ಅವನು ನಮ್ಮೆಲ್ಲರ ತುಟಿಗಳನ್ನು ಎಷ್ಟು ಕಾಲದಿಂದ ಹೀಗೆ ಓದಿಕೊಂಡು ಬಂದಿದ್ದನೋ, ನಾವು ಯಾರೂ ಗಮನಿಸಿರಲಿಲ್ಲ.

‘ಕಿರ್ರ್. ಹಂಗಾದ್ರೆ ಪಿನ್ನು’ ಎಂದು ಅವನು ಚಕ್ರ ಬಿಚ್ಚಿದ.

ಪಿನ್ನೇ ಆಗಿತ್ತು. ಬ್ರೇಕು ಬಿಟ್ಟ ಮೇಲೆ ಹಿಂದಕ್ಕೆ ಸರಿಯಬೇಕಾದ ಪುಟ್ಟ ಸರಳು, ಗ್ರೀಸು ಒಣಗಿ, ತುಕ್ಕು ಹಿಡಿದು, ತನ್ನ ಗೂಡಿನಲ್ಲೇ ಕಚ್ಚಿಕೊಂಡು ಕೂತಿತ್ತು. ಹೀಗಾಗಿ ಕಾಲು ತೆಗೆದರೂ ಬ್ರೇಕು ಚಕ್ರವನ್ನು ಹಿಡಿದೇ ಇರುತ್ತಿತ್ತು. ಚಕ್ರವನ್ನು ಎರಡು ಕಡೆಯಿಂದ ಅದುಮಿ ನಿಲ್ಲಿಸುವ ಪ್ಯಾಡುಗಳಲ್ಲಿ ಒಂದು ರೊಟ್ಟಿಯಷ್ಟು ದಪ್ಪವಿದ್ದರೆ ಇನ್ನೊಂದು ಹಪ್ಪಳವಾಗಿತ್ತು. ಅಣ್ಣ ಹಪ್ಪಳವನ್ನು ನನ್ನ ಮುಂದೆ ಹಿಡಿದ. ‘ಹಿಂಗೇ ಬೆಟ್ಟ ಇಳಿದಿದ್ರೆ ಕಾದೂ ಕಾದೂ ಆಮೇಲೆ ಹಿಡೀಬೇಕಾದಾಗ ಹಿಡೀತಿರ್ಲಿಲ್ಲ. ಅವಳೂ ಕಾರಲ್ಲಿರ್ತಿದ್ಲು.’ ಅದನ್ನು ಕೆಳಗಿಟ್ಟು, ‘ಅಷ್ಟು ಜನ ಕೇಳಿಸ್ಕೊಂಡು ಸುಮ್ನಿದ್ರೇನೋ?’ ಎಂದ. ಸಿಟ್ಟಿನಿಂದ ಕೇಳಿದ್ದರೆ ಉತ್ತರ ಹುಡುಕಬಹುದಿತ್ತು. ಅವನು ಬರೀ ಆಶ್ಚರ್ಯದಿಂದ ಕೇಳಿದ. ಗೇಟಿನಲ್ಲಿದ್ದ ಮೇಷ್ಟರು ತಮ್ಮ ಮನೆಯ ಕಡೆ ಹೊರಟುಹೋದರು.

ಸುಟ್ಟ ಬೆರಳಿನಲ್ಲೇ ಸ್ಕೂಟರು ಓಡಿಸಿಕೊಂಡು ಹೋಗಿ ಎರಡೂ ಕಡೆಗೆ ಹೊಸ ಪ್ಯಾಡು ತಂದೆ. ಅಣ್ಣ ಪಿನ್ನನ್ನು ಉಪ್ಪುಕಾಗದದಿಂದ ತಿಕ್ಕಿ ತಿಕ್ಕಿ ಹೊಳೆಯುವ ಹಾಗೆ ಮಾಡಿ, ಬ್ರೇಕಿನ ಗ್ರೀಸು ಸವರಿ, ಒಳಗೆ ಹಾಕಿ, ಬೆರಳಿನಿಂದ ಹಿಂದಕ್ಕೂ ಮುಂದಕ್ಕೂ ಸರಿಸಿ ನೋಡಿದ. ಚಕ್ರ ತಿರುಗಿಸಿದರೆ ಕೈಬಿಟ್ಟ ಮೇಲೂ ಸುತ್ತಿತು. ಸ್ಟೇಷನ್ನಿನ ತನಕ ಮತ್ತೆ ಹೋಗಿ ಬಂದೆವು. ಅವನು ಹುಬ್ಬೆತ್ತಿದ. ನಾನು ಏನೂ ಇಲ್ಲ ಎಂದು ಕೈ ಆಡಿಸಿದೆ. ಅವನು ನನ್ನನ್ನು ನಂಬಿ ತಲೆಯಾಡಿಸಿದ. ತನ್ನ ಕೆಲಸ ಸರಿಯಾಗಿದೆಯೆಂದು ತಿಳಿಯಲು ಅವನಿಗೆ ಬೇರೊಬ್ಬರ ಕಿವಿ ಬೇಕಾಗಿತ್ತು.

ಗೇಟಿನೊಳಗೆ ಕಾರು ನಿಲ್ಲಿಸಿ ಇಳಿದಾಗ ಅತ್ತಿಗೆ ಬಾಗಿಲಲ್ಲಿ ನಿಂತು ತಮ್ಮ ಸಣ್ಣ ದನಿಯಲ್ಲಿ ಏನೋ ಕೇಳಿದರು. ಕಾಫಿ ಈಗಲೇ ಬೆರೆಸಲೇ, ಸ್ನಾನವಾದ ಮೇಲೆಯೇ ಎಂದು. ಇಷ್ಟು ದಿನವಾಗಿದ್ದರೆ ಅಣ್ಣ ‘ಹ್ಞೂ ಹ್ಞೂ’ ಎಂದು ನಕ್ಕು ಒಳಗೆ ಹೋಗುತ್ತಿದ್ದ. ಈ ಸಲ ಕೈಯೊರೆಸುವ ಬಟ್ಟೆ ಹಿಡಿದು ಅಂಗಳದಲ್ಲೇ ನಿಂತ. ಗ್ರೀಸು ಮೆತ್ತಿದ ಕೈಗಳನ್ನು ನೋಡಿಕೊಂಡ. ಆಮೇಲೆ ತಲೆಯೆತ್ತಿ ಹೇಳಿದ.

‘ಏನಂದೆ? ಕೇಳಿಸ್ಲಿಲ್ಲ ಕಣೇ.’

ಅತ್ತಿಗೆ ಮೆಟ್ಟಿಲಿಳಿದು ಬಂದರು. ಅವನ ಎದುರು, ಬಹಳ ಹತ್ತಿರ ನಿಂತು, ಕಾಫಿಯ ಮಾತನ್ನೇ ಇನ್ನೊಂದು ಸಲ ಹೇಳಿದರು. ಹೇಳುತ್ತ ಹೇಳುತ್ತ ಅವರ ಕಣ್ಣಿಂದ ನೀರಿಳಿಯಿತು. ನಾನು ಜ್ಯಾಕು ಎತ್ತಿಡುವ ನೆಪದಲ್ಲಿ ಕಾರಿನ ಹಿಂದಕ್ಕೆ ಹೋದೆ.

ಬೆಟ್ಟಕ್ಕೆ ಹೋಗಿ ಕ್ಷೇಮವಾಗಿ ಬಂದರು. ಮರುವಾರ ಕಿವಿಯ ಡಾಕ್ಟರ ಹತ್ತಿರವೂ ಹೋದರು. ನರವೇ ಸೋತಿದೆ, ಸಣ್ಣ ಸದ್ದುಗಳು ಹೋದದ್ದು ಹೋದವು, ಮಾತು ತಿಳಿಯಲು ಒಂದು ಯಂತ್ರ ಹಾಕಿಕೊಳ್ಳಬಹುದು ಎಂದರಂತೆ. ಈಗ ಅಣ್ಣನ ಕಿವಿಯ ಹಿಂದೆ, ಸ್ಕ್ರೂಡ್ರೈವರಿನ ಹಿಡಿ ಇರುತ್ತಿದ್ದ ಜಾಗದಲ್ಲೇ, ಪುಟ್ಟದೊಂದು ಯಂತ್ರ ಕೂತಿದೆ. ಅತ್ತಿಗೆ ಮತ್ತೆ ಹಾಡಿಕೊಳ್ಳುತ್ತಾರೆ. ‘ಹಾಡ್ತಿದ್ದಾಳೆ ಅಂತ ಗೊತ್ತಾಗತ್ತೆ ಕಣೋ, ಶ್ರುತಿ ಗೊತ್ತಾಗಲ್ಲ’ ಎಂದು ಒಂದು ಸಂಜೆ ಈ ಜಗುಲಿಯಲ್ಲಿ ಕೂತು ಅವನು ನನಗೆ ಹೇಳಿದ. ಅಷ್ಟರಲ್ಲಿ ರೈಲು ಕೂಗಿತು. ಅವನು ಸುಮ್ಮನಿದ್ದ. ನಾನು ಅವನ ಮೊಣಕೈ ಮುಟ್ಟಿ, ‘ನಂಜನಗೂಡಿಂದ ಬರ್ತಿರೋದು’ ಎಂದೆ. ‘ಡಬ್ಬಿ ಜಾಸ್ತೀನೋ ಕಮ್ಮೀನೋ?’ ಎಂದು ಕೇಳಿದ. ನನಗೆ ಗೊತ್ತಾಗಲಿಲ್ಲ.

ಇವತ್ತು ಬೆಳಿಗ್ಗೆಯೂ ಎಂದಿನಂತೆ ಪತ್ರಿಕೆ ಬಿಡಿಸಿಕೊಂಡು ಕೂತಿದ್ದೆ. ನೀರು ಎರಚುವ ಸದ್ದಾಯಿತು, ಕಸದ ಗಾಡಿ ಹಾಡಿಕೊಂಡು ಹೋಯಿತು. ಅಣ್ಣ ಇನ್ನೂ ಹಾಲಿಗೆ ಹೊರಡಲಿಲ್ಲವಲ್ಲ, ಮೈ ಸರಿಯಿದೆಯೋ ಇಲ್ಲವೋ ಎಂದು ನಾನು ಯೋಚಿಸುತ್ತಿರುವಾಗ ಬೀದಿಯ ತುದಿಯವರೆಗೆ ಹೋಗಿ ಮರಳಿದ ಕೆಂಪಮ್ಮ ಗೇಟಿನಲ್ಲಿ ಬುಟ್ಟಿ ಇಳಿಸಿದಳು. ‘ಆಗ್ಲೇ ಓದ್ರಲ್ಲಾ ಅಯ್ಯಾವ್ರು? ನಿಮ್ ಮುಂದ್ಲಿಂದ್ಲೇ ಕೈ ಬೀಸ್ಕಂಡು ಓದ್ರು, ನೀವು ತಲೇನೇ ಎತ್ನಿಲ್ಲ.’

ಪತ್ರಿಕೆ ಮಡಿಸಿ ಬೀದಿಯ ಕಡೆ ನೋಡಿದೆ. ಅಣ್ಣನ ಕಾರು ಹೋದದ್ದು ನನಗೂ ಕೇಳಿಸಿರಲಿಲ್ಲ.